ಗಾಳಿ ಇಲ್ಲದ ಜಾಗ

ಆ ಕೆರೆಯನ್ನು ಈಗ ಪಕ್ಷಿಧಾಮ ಮಾಡಿದ್ದಾರಂತೆ. ಜನ ಟಿಕೆಟ್ ತೆಗೆದುಕೊಂಡು, ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಹಕ್ಕಿ ನೋಡಲು ಹೋಗುತ್ತಾರಂತೆ. ಹೋಗಲಿ. ನನ್ನನ್ನು ಮಾತ್ರ ಯಾರೂ ಕರೆಯಬೇಡಿ. ಆ ಹಕ್ಕಿಗಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅದಕ್ಕಿಂತ ಹೆಚ್ಚಿನ ಸಿಟ್ಟು, ನಮ್ಮನ್ನು ಕರೆದುಕೊಂಡು ಹೋಗಿ ಅವುಗಳ ಬುಡದಲ್ಲಿ ಇಳಿಸಿದ ನನ್ನ ಭಾವನ ಮೇಲೆ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಸತ್ತವರ ಬಗ್ಗೆ ಹಾಗೆಲ್ಲ ಆಡಬಾರದು ಎಂದು ನನಗೆ ಬುದ್ಧಿ ಹೇಳುವವರಿದ್ದಾರೆ. ಅವರ್ಯಾರೂ ಭಾವನ ಜೊತೆ ಒಂದೇ ಗುಡಾರದಲ್ಲಿ ಇದ್ದು ನೋಡಿದವರಲ್ಲ.

ನಮ್ಮದು ಶಿಕಾರಿಪುರದ ಪಿಂಜಾರರ ಮನೆ. ಹತ್ತಿ ಬಡಿಯುವುದು, ಗಾದಿ ದಿಂಬು ತುಂಬುವುದು ಕಸುಬು. ಎಪ್ಪತ್ತರ ದಶಕದಲ್ಲಿ ಮಳೆ ಬಿಟ್ಟು ಚಳಿ ಕಾಲಿಡುವ ಹೊತ್ತಿಗೆ ಊರಲ್ಲಿ ಕೂತರೆ ಹೊಟ್ಟೆ ತುಂಬುತ್ತಿರಲಿಲ್ಲ. ಸೊರಬದ ಕಡೆಯ ಹಳ್ಳಿಗಳಿಗೆ ಹೋಗಬೇಕು, ಊರ ಹೊರಗೆ ಗುಡಾರ ಹಾಕಬೇಕು, ಮನೆಮನೆಯ ಹಳೆ ಗಾದಿಗಳನ್ನು ತಂದು ಬಿಚ್ಚಬೇಕು. ಗಂಟುಗಂಟಾದ ಹತ್ತಿಯನ್ನು ಗಂಡಸರು ಬಿಲ್ಲಿನಲ್ಲಿ ಬಡಿದು ಅರಳಿಸುತ್ತಾರೆ. ನಾವು ಹೆಂಗಸರು ಅದನ್ನು ತುಂಬಿ ಹೊಲಿಯುತ್ತೇವೆ. ಆ ವರ್ಷ ಹೊರಟವರು ನನ್ನ ಗಂಡನ ಅಣ್ಣ, ಅಂದರೆ ಈ ಭಾವ, ಅವರಿಬ್ಬರ ತಾಯಿ, ನನ್ನ ಗಂಡ, ನಾನು, ನನ್ನ ಕಂಕುಳಲ್ಲಿ ಇನ್ನೂ ಸರಿಯಾಗಿ ನಡೆಯಲು ಬಾರದ ನನ್ನ ಮಗಳು.

ಆ ಮಗುವಿಗೆ ಉಬ್ಬಸ. ಹುಟ್ಟಿದಾಗಿನಿಂದ ಎದೆ ಗೊರಗೊರ ಅನ್ನುತ್ತಿತ್ತು. ಉಸಿರು ಎಳೆದುಕೊಳ್ಳುವಾಗ ಪಕ್ಕೆಲುಬಿನ ಸಂದಿಯಲ್ಲಿ ಚರ್ಮ ಒಳಕ್ಕೆ ಹೋಗುವುದನ್ನು ನೋಡುತ್ತಾ ಕೂರುವುದೇ ನನ್ನ ಕೆಲಸವಾಗಿತ್ತು. ಆಸ್ಪತ್ರೆಯ ಡಾಕ್ಟರು ತಂಡಿ ಜಾಗದಲ್ಲಿ ಮಲಗಿಸಬೇಡಿ, ಹತ್ತಿಯ ಧೂಳು ತಾಗಿಸಬೇಡಿ, ಮತ್ತೆ ಜೋರಾಗಿ ಹಿಡಿದುಕೊಂಡರೆ ಉಳಿಯುವುದು ಕಷ್ಟ ಎಂದು ಬಿಡಿಸಿ ಹೇಳಿದ್ದರು. ಅದಕ್ಕೇ ನಾನು ಊರಲ್ಲೇ ಉಳಿಯುತ್ತೇನೆ ಎಂದೆ. ಹಾಗಾದರೆ ಹೊಲಿಯುವವರು ಯಾರು ಎಂದು ಭಾವ ಕೇಳಿದರು. ಅಷ್ಟಕ್ಕೆ ಮಾತು ಮುಗಿಯಿತು. ಕೊನೆಗೆ ನಾನು ಕೇಳಿದ್ದು ಒಂದೇ: ಗುಡಾರ ಎಲ್ಲಿ ಹಾಕಿದರೂ ಗಾಳಿಯಾಡುವ, ಒಣಗಿದ ಜಾಗ ನೋಡಿ ಹಾಕಿ.

ಕೇಳಿದೆ ಅಂದರೆ ಅವರನ್ನೇ ಕೇಳಿದೆ ಎಂದಲ್ಲ. ನಮ್ಮಲ್ಲಿ ಸೊಸೆಯಾದವಳು ಗಂಡನ ಅಣ್ಣನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಅವರಿಗೆ ಹೇಳಬೇಕಾದದ್ದನ್ನು ಅತ್ತೆಗೆ ಹೇಳಬೇಕು. ಅತ್ತೆ ಇಲ್ಲದಿದ್ದರೆ ಮಗುವಿಗೆ ಹೇಳಬೇಕು, ಮಗುವೂ ನಿದ್ದೆ ಮಾಡುತ್ತಿದ್ದರೆ ಗೋಡೆಗೆ. ಅವರೂ ಹಾಗೆಯೇ, ಉತ್ತರವನ್ನು ಬೇರೆ ಯಾರಿಗೋ ಕೊಡುತ್ತಿದ್ದರು. ಮದುವೆಯಾಗಿ ಅಷ್ಟು ವರ್ಷ ನಾವಿಬ್ಬರೂ ಹೀಗೆ ಗೋಡೆಗೆ ಹೇಳಿಯೇ ಜಗಳವಾಡಿದ್ದೆವು. ಅತ್ತೆ ನಡುವೆ ನಿಂತು ಎರಡೂ ಕಡೆಯ ಮಾತನ್ನು ದಾಟಿಸುತ್ತಿದ್ದಳು. ದಾಟಿಸುವಾಗ ನನ್ನ ಮಾತಿನ ಖಾರ ಪೂರ್ತಿ ತೆಗೆಯುತ್ತಿದ್ದಳು, ಅವರ ಮಾತಿನದನ್ನು ಹಾಗೇ ಬಿಡುತ್ತಿದ್ದಳು.

ಕುಪ್ಪಗಡ್ಡೆಯ ಆಚೆ ಬಸ್ಸಿಳಿದು, ಬಾಡಿಗೆ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಆ ಕೆರೆಯ ಹತ್ತಿರ ಬಂದಾಗ ಮಧ್ಯಾಹ್ನ. ಭಾವ ಗಾಡಿ ನಿಲ್ಲಿಸಿ ಜಾಗ ಹುಡುಕಲು ಇಳಿದರು. ಪಿಂಜಾರರು ಜಾಗ ಆರಿಸುವ ರೀತಿ ಬೇರೆ. ನೀರು, ನೆರಳು ಆಮೇಲಿನ ಮಾತು. ಬಡಿದ ಹತ್ತಿಯ ಒಂದು ಎಳೆಯನ್ನು ಹಣೆಯ ಮಟ್ಟಕ್ಕೆ ಹಿಡಿದು ಬಿಡಬೇಕು. ಅದು ಅತ್ತಿತ್ತ ಹೋಗದೆ ಕಾಲ ಬುಡಕ್ಕೇ ಬಿದ್ದರೆ ಅದೇ ಜಾಗ. ಗಾಳಿ ಇದ್ದಲ್ಲಿ ಹತ್ತಿ ಬಡಿದರೆ ಅರ್ಧ ಹತ್ತಿ ಊರ ಪಾಲಾಗುತ್ತದೆ, ಗಾದಿ ತೆಳ್ಳಗಾಗಿ ಪಿಂಜಾರ ಕಳ್ಳನಾಗುತ್ತಾನೆ. ಆ ಲೆಕ್ಕದಲ್ಲಿ ಭಾವನದು ತಪ್ಪಲ್ಲ. ಆದರೆ ಹತ್ತಿ ಹಾರದ ಜಾಗದಲ್ಲಿ ಧೂಳೂ ಹಾರುವುದಿಲ್ಲ, ಅಲ್ಲೇ ನಿಲ್ಲುತ್ತದೆ. ಹತ್ತಿಗೆ ಬೇಕಾದ ಜಾಗವೇ ನನ್ನ ಮಗಳಿಗೆ ಬೇಡವಾದ ಜಾಗ. ಈ ಸಂಕಟ ನನಗೆ ಶಿಕಾರಿಪುರದಲ್ಲೇ ಗೊತ್ತಿತ್ತು.

ಊರಿನ ಪಕ್ಕ ಒಂದು ದಿಬ್ಬವಿತ್ತು, ಅದರ ಮೇಲೆ ರೈತರೊಬ್ಬರ ಕಣ. ಅಲ್ಲಿ ಬಿಟ್ಟ ಎಳೆ ಎತ್ತಲೋ ಹಾರಿಹೋಯಿತು. ಕೆರೆಯ ಅಂಚಿನಲ್ಲಿ, ಅರ್ಧ ನೀರಲ್ಲಿ ಅರ್ಧ ದಡದಲ್ಲಿ ನಿಂತ ದೊಡ್ಡ ಮರಗಳ ನಡುವೆ ಬಿಟ್ಟ ಎಳೆ ನೆಟ್ಟಗೆ ಅವರ ಪಾದದ ಮೇಲೆ ಬಿತ್ತು. ಅವರ ಮುಖ ಅರಳಿತು. ನಾನು ನೆಲ ನೋಡಿದೆ. ಒದ್ದೆ. ಗಿಡಗಳ ಎಲೆಯ ಮೇಲೆಲ್ಲ ಬಿಳಿಬಿಳಿ ಕಲೆ. ಇಲ್ಲಿ ಬೇಡ, ಕೆಲಸ ಬೇಕಾದರೆ ಇಲ್ಲಿ ಮಾಡಲಿ, ಅಡಿಗೆ ಮತ್ತು ಮಲಗುವುದು ದಿಬ್ಬದ ಮೇಲಿರಲಿ, ಈ ಕಲೆ ಏನು ಕೇಳು ಎಂದು ಅತ್ತೆಗೆ ಹೇಳಿದೆ. ಮರ ಅಂದಮೇಲೆ ನಾಲ್ಕು ಹಕ್ಕಿ ಕೂರುವುದಿಲ್ಲವೇ ಎಂದು ಅವರು ಮರಕ್ಕೆ ಉತ್ತರ ಕೊಟ್ಟರು. ಆಮೇಲೆ ಕಲ್ಲು ತಂದು ಒಲೆ ಹೂಡಿದರು.

ಒಲೆ ಹೂಡಿದ ಮೇಲೆ ಮುಗಿಯಿತು. ಗುಡಾರದ ಒಲೆಯನ್ನು ಮನೆಯ ಹಿರಿಯ ಗಂಡಸು ಹೂಡುತ್ತಾನೆ. ಆ ಊರಿನ ಕೆಲಸ ಮುಗಿಯುವ ತನಕ ಅದನ್ನು ಕದಲಿಸುವಂತಿಲ್ಲ. ಒಂದೇ ಬಿಡಾರದಲ್ಲಿ ಇನ್ನೊಂದು ಒಲೆ ಹೊತ್ತಿತು ಅಂದರೆ ಮನೆ ಒಡೆಯಿತು ಎಂದೇ ಅರ್ಥ. ಭಾವ ಬೇಕೆಂದೇ ಅವಸರದಲ್ಲಿ ಒಲೆ ಹೂಡಿದರು ಎಂದು ನಾನು ಆವತ್ತು ನಂಬಿದೆ, ಇವತ್ತೂ ನಂಬುತ್ತೇನೆ. ಊರಿನವರು ಇಬ್ಬರು ಏರಿಯ ಮೇಲೆ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಬೇಡ ಎಂದು ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಬೀಡಿ ಸೇದಿ ಮುಗಿಸಿ ಹೋದರು.

ಸಂಜೆಯಾಗುತ್ತಿದ್ದಂತೆ ಹಕ್ಕಿಗಳು ಬಂದವು. ಮೊದಲು ಹತ್ತು, ಆಮೇಲೆ ಹಿಂಡು, ಆಮೇಲೆ ಆಕಾಶವೇ ಕಾಣದಷ್ಟು. ಬೆಳ್ಳಕ್ಕಿ, ನೀರುಕಾಗೆ, ಸೊಟ್ಟ ಕೊಕ್ಕಿನ ಇನ್ನೆಂಥವೋ. ಹಗಲೆಲ್ಲ ಗದ್ದೆಗಳಲ್ಲಿ ಮೇದು ರಾತ್ರಿ ಕೂರಲು ಬರುವ ಮರಗಳು ಅವೇ. ಹತ್ತಿಯ ಎಳೆಗೆ ಗಾಳಿ ಗೊತ್ತಾಗುತ್ತದೆ, ಹಕ್ಕಿ ಗೊತ್ತಾಗುವುದಿಲ್ಲವಲ್ಲ. ಗುಡಾರದ ಮೇಲೆ ಮಳೆ ಹನಿದ ಹಾಗೆ ಪಟಪಟ ಸದ್ದಾಯಿತು. ಅನ್ನದ ಪಾತ್ರೆಗೆ ಬಿತ್ತು, ಅತ್ತೆಯ ಸೆರಗಿಗೆ ಬಿತ್ತು, ಮಧ್ಯಾಹ್ನವೇ ಯಾರೋ ತಂದುಕೊಟ್ಟಿದ್ದ ಗಾದಿಯ ಮೇಲೂ ಬಿತ್ತು. ಕೊಳೆತ ಮೀನಿನ ನಾತಕ್ಕೆ ಮಗುವಿನ ಮೂಗಿಗೆ ಸೆರಗು ಅಡ್ಡ ಹಿಡಿದೆ. ಭಾವನ ಟೋಪಿಯ ಮೇಲೆ ಬಿದ್ದಾಗ ನಾನು ನಕ್ಕುಬಿಟ್ಟೆ. ಅವರು ಟೋಪಿ ತೆಗೆದು ಕೊಡವಿ ಮತ್ತೆ ಹಾಕಿಕೊಂಡರು. ನಾಳೆ ಮೇಲೆ ಗೋಣಿಯದೊಂದು ತಾಟು ಕಟ್ಟಿದರಾಯಿತು ಎಂದರು.

ಮಾರನೆಯ ದಿನ ತಾಟು ಕಟ್ಟಿದರು. ಕೆಲಸ ಶುರುವಾಯಿತು. ಬಿಲ್ಲಿನ ಟಂಯ್ ಟಂಯ್ ಸದ್ದಿನ ಜೊತೆ ಹತ್ತಿಯ ಧೂಳು ಎದ್ದು ತಾಟಿನ ಅಡಿಯಲ್ಲೇ ನಿಂತಿತು. ಕೆಳಗಿಂದ ಕೆರೆಯ ತಂಡಿ, ಮೇಲಿಂದ ನಾತ, ನಡುವೆ ಧೂಳು. ನಾನು ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಹಗಲೆಲ್ಲ ಏರಿಯ ಮೇಲೆ ಓಡಾಡಿದೆ. ಕತ್ತಲಾದ ಮೇಲೆ ಎಲ್ಲಿಗೆ ಹೋಗಲಿ? ಎರಡು ದಿನದಲ್ಲಿ ಅವಳ ತುಟಿಯ ಬಣ್ಣ ಬದಲಾಯಿತು. ಹಾಲು ಕುಡಿಯಲು ಬಾಯಿ ಹಾಕುತ್ತಾಳೆ, ಉಸಿರು ಸಾಲದೆ ಬಿಡುತ್ತಾಳೆ. ಗಂಡನನ್ನು ಕರೆದು ತೋರಿಸಿದೆ. ಅವನಿಗೆ ಕಣ್ಣಲ್ಲಿ ನೀರು ಬಂತು. ಅಣ್ಣನಿಗೆ ಹೇಳುತ್ತೇನೆ ಎಂದು ಹೋದವನು ಹತ್ತಿ ಬಡಿಯುತ್ತಾ ಕೂತ. ಆ ಹೊತ್ತಿಗೆ ಅವನ ಮೇಲೆ ಬಂದ ಅಸಹ್ಯ ಭಾವನ ಮೇಲೂ ಬಂದಿರಲಿಲ್ಲ.

ಬೆಳಿಗ್ಗೆ ಭಾವ ಚಾ ಕುಡಿಯುತ್ತಿದ್ದರು. ನಾನು ಹೋಗಿ ಅವರ ಎದುರು ನಿಂತೆ. ಅತ್ತೆಯ ಕಡೆ ನೋಡಲಿಲ್ಲ, ಗುಡಾರದ ಕಡೆ ನೋಡಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ಅವರ ಕಣ್ಣು ಎಂಥವು ಎಂದು ಕಂಡೆ.

"ಈ ಜಾಗ ನಿಮ್ ಹತ್ತಿಗೆ ಸರಿ ಐತಿ," ಎಂದೆ. "ನನ್ ಮಗಳಿಗೆ ಸರಿ ಇಲ್ಲ. ನಾನು ದಿಬ್ಬದ ಮ್ಯಾಲೆ ಒಲಿ ಹೂಡ್ತೀನಿ."

ಅತ್ತೆಯ ಕೈಯಿಂದ ಪಾತ್ರೆ ಬಿತ್ತು. ಭಾವ ಲೋಟ ಕೆಳಗಿಟ್ಟು, ನನ್ನನ್ನು ದಾಟಿ ತಾಯಿಯ ಕಡೆ ನೋಡಿದರು. ಆಗಲೂ ನನಗೆ ನೇರ ಉತ್ತರ ಕೊಡಲಿಲ್ಲ.

"ಎರಡು ಒಲಿ ಹತ್ತಿದ್ರ ಎರಡು ಮನಿ ಅಂತ ಹೇಳು ಆಕಿಗೆ."

ಹೇಳುವ ಅಗತ್ಯವಿರಲಿಲ್ಲ, ಕಿವಿ ನನಗೂ ಇತ್ತು. ಮಗುವನ್ನು ಎತ್ತಿಕೊಂಡು ದಿಬ್ಬ ಹತ್ತಿದೆ. ಕಣದ ಯಜಮಾನಿ ಒಬ್ಬ ಹೆಂಗಸು, ಹಣೆ ತುಂಬ ವಿಭೂತಿ. ಮಗುವನ್ನು ನೋಡಿ ಕನಿಕರ ಪಡುತ್ತಾಳೆ ಎಂದುಕೊಂಡಿದ್ದೆ. ಕೊಯ್ಲಿಗೆ ಇನ್ನೂ ಹೊತ್ತಿದೆ, ಅಲ್ಲಿಯವರೆಗೆ ಇರಿ, ಕಣದೊಳಗೆ ಕಾಲಿಡಬೇಡಿ, ಅಂಚಿನಲ್ಲಿ ಇರಿ, ಬಾವಿ ಮುಟ್ಟಬೇಡಿ, ನೀರು ಬೇಕಾದರೆ ಕರೆಯಿರಿ ಎಂದಳು. ಒಂದೊಂದು ಮಾತೂ ಚುಚ್ಚಿತು. ಎಲ್ಲದಕ್ಕೂ ಹೂಂ ಎಂದೆ. ಮೂರು ಕಲ್ಲು ಹುಡುಕಿ ನನ್ನ ಕೈಯಾರೆ ಒಲೆ ಹೂಡಿದೆ. ಹೊಗೆ ಎದ್ದಾಗ ಕೆಳಗೆ ಬಿಲ್ಲಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ಅದು ಒಂದೇ ಬಿಲ್ಲಿನ ಸದ್ದು. ನನ್ನ ಗಂಡ ಹಾಸಿಗೆ ಸುರುಳಿ ಹೊತ್ತುಕೊಂಡು ದಿಬ್ಬ ಹತ್ತಿ ಬಂದ. ಬಂದವನು ನನ್ನ ಮುಖ ನೋಡದೆ, ಗಾಳಿಗೆ ಬೆನ್ನು ಕೊಟ್ಟು ಕೂತ.

ಆ ದಿಬ್ಬದ ಮೇಲೆ ನನ್ನ ಮಗಳು ಉಸಿರಾಡಿದಳು. ಒಂದೇ ದಿನಕ್ಕಲ್ಲ, ಆದರೆ ವಾರ ಕಳೆಯುವಷ್ಟರಲ್ಲಿ ಎದೆಯ ಸದ್ದು ಕಡಿಮೆಯಾಗಿ, ಹಾಲು ಕುಡಿದು ನಿದ್ದೆ ಮಾಡತೊಡಗಿದಳು. ಈಗ ಅವಳೂ ತಾಯಿ, ದಪ್ಪಗಾಗಿದ್ದೇನೆ ಎಂದು ಗೋಳಾಡುತ್ತಾಳೆ. ಅತ್ತೆ ಕೆಳಗೆ ದೊಡ್ಡ ಮಗನ ಒಲೆಯಲ್ಲಿ ಬೇಯಿಸುತ್ತಿದ್ದಳು. ದಿನಾ ಹಕ್ಕಿ ಬರುವ ಹೊತ್ತಿಗೆ ಮೇಲೆ ಬಂದು, ಮೊಮ್ಮಗಳ ಎದೆಗೆ ಕಿವಿಯಿಟ್ಟು ಕೇಳಿ, ನನ್ನ ಜೊತೆ ಒಂದು ಮಾತೂ ಆಡದೆ ಇಳಿದು ಹೋಗುತ್ತಿದ್ದಳು. ಕೊಟ್ಟ ಚಾ ಮುಟ್ಟುತ್ತಿರಲಿಲ್ಲ. ನಾನೂ ಬಲವಂತ ಮಾಡಲಿಲ್ಲ.

ವಾರ ಕಳೆದ ಮೇಲೆ ಕೆಳಗೆ ಭಾವ ಹಕ್ಕಿಗಳ ಜೊತೆ ಯುದ್ಧ ಹೂಡಿದರು. ಸೋತೆ ಎಂದು ಮೇಲೆ ಬರಲು ಅವರಿಗೆ ಮನಸ್ಸಿಲ್ಲ, ಹಕ್ಕಿಗಳೇ ಹೋಗಬೇಕು. ಸಂಜೆಯಾದರೆ ಸಾಕು, ಎಣ್ಣೆಯ ಡಬ್ಬ ಹಿಡಿದು ಬಡಿಯುವುದು, ಹಸಿ ಸೊಪ್ಪು ಹಾಕಿ ಹೊಗೆ ಎಬ್ಬಿಸುವುದು. ಹಿಂಡು ಎದ್ದು ಆಚೆ ದಡಕ್ಕೆ ಹೋಗತೊಡಗಿತು. ಮೂರನೆಯ ಸಂಜೆ ಊರಿನ ಗಂಡಸರು ದೊಣ್ಣೆ ಹಿಡಿದೇ ಬಂದರು. ಆ ಹಕ್ಕಿಯ ಹಿಕ್ಕೆ ಬಿದ್ದ ಕೆರೆನೀರೇ ಅವರ ಗದ್ದೆಗೆ ಗೊಬ್ಬರ. ಹಕ್ಕಿ ಎಬ್ಬಿಸುವುದೂ ಒಂದೇ, ಅವರ ತಟ್ಟೆಗೆ ಕೈ ಹಾಕುವುದೂ ಒಂದೇ. ಮೊದಲ ದಿನ ಏರಿಯ ಮೇಲೆ ಬೀಡಿ ಸೇದಿದವನೇ ಮುಂದೆ ಬಂದು, ಹಕ್ಕಿ ನಮ್ಮವು, ನೀವು ಬಂದವರು, ಬೆಳಗಾಗುವುದರೊಳಗೆ ಗುಡಾರ ಕೀಳದಿದ್ದರೆ ನಾವೇ ಕೀಳುತ್ತೇವೆ ಎಂದ. ನಾನು ದಿಬ್ಬದ ಮೇಲೆ ನಿಂತು ಕೇಳಿಸಿಕೊಂಡೆ. ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಯಿತು.

ಬೆಳಿಗ್ಗೆ ನನ್ನ ಗಂಡ ಇಳಿದು ಹೋಗಿ ಅಣ್ಣನ ಕೈ ಹಿಡಿದುಕೊಂಡ. ಮೇಲೆ ಬಾ, ಜಾಗ ಇದೆ, ಒಲೆ ನೀನೇ ಹೊಸದಾಗಿ ಹೂಡು, ನಾನು ಅವಳ ಕಲ್ಲು ಕಿತ್ತು ಎಸೆಯುತ್ತೇನೆ ಎಂದನಂತೆ. ಭಾವ ಕೈ ಬಿಡಿಸಿಕೊಂಡು ಗಾಡಿ ತರಿಸಿದರು. ಶಿಕಾರಿಪುರಕ್ಕೆ ವಾಪಸು ಹೋಗುತ್ತೇನೆ, ಮನೆಯಲ್ಲಿ ನಡುಗೋಡೆ ಎಬ್ಬಿಸಿರುತ್ತೇನೆ, ನೀವು ಬಂದಾಗ ಹಿತ್ತಲ ಬಾಗಿಲಿಂದ ಬನ್ನಿ ಎಂದರು. ಎಬ್ಬಿಸಿದರು ಕೂಡ.

ಗಾಡಿ ಹೊರಡುವ ಹೊತ್ತಿಗೆ ನಾನೂ ಇಳಿದು ಹೋದೆ. ಅತ್ತೆಯನ್ನು ಕರೆತರಲು. ಅವಳು ನಮ್ಮ ಜೊತೆ ಉಳಿಯುತ್ತಾಳೆ ಎನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ದಿನಾ ದಿಬ್ಬ ಹತ್ತಿ ಬರುತ್ತಿದ್ದವಳು, ಮೊಮ್ಮಗಳ ಉಸಿರು ಕೇಳದೆ ಊಟ ಮಾಡದವಳು. ನೋಡಿದರೆ ಅವಳ ಗಂಟು ಆಗಲೇ ಗಾಡಿಯಲ್ಲಿತ್ತು. ಗಾಲಿಯ ಅಚ್ಚಿನ ಮೇಲೆ ಕಾಲಿಟ್ಟು ಹತ್ತುತ್ತಿದ್ದಳು. ಹೆಂಡತಿಯಿಲ್ಲ, ಮಕ್ಕಳಿಲ್ಲ, ಟೋಪಿಯ ಮೇಲೆ ಒಣಗಿದ ಹಿಕ್ಕೆ, ಭಾವ ಗಾಡಿಯ ಮುಂದೆ ನಮಗೆ ಬೆನ್ನು ಮಾಡಿ ಕೂತಿದ್ದರು. ತಪ್ಪು ಅವರದು ಎಂದು ಗೊತ್ತಿದ್ದೂ ಅವರ ಜೊತೆ ಹೋಗುತ್ತೀಯಾ ಎಂದು ಅತ್ತೆಯನ್ನು ಕೇಳಿದೆ. ಅವಳು ಮಗುವಿನ ಎದೆಗೆ ಒಂದು ಸಲ ಕಿವಿಯಿಟ್ಟಳು. ಆಮೇಲೆ ಎಷ್ಟೋ ದಿನದ ಮೇಲೆ ನನ್ನ ಜೊತೆ ಮಾತಾಡಿದಳು.

"ನೀನು ನಿನ್ ಮಗಳನ್ನ ನೋಡ್ಕಂಡಿ," ಎಂದಳು. "ನಾನು ನನ್ ಮಗನ್ನ ನೋಡ್ಕಬೇಕಲ್ಲವ್ವ."