ಎರಡು ಖಾಲಿ ಏಟು

ಟಣ್, ಟಣ್, ಟಣ್. ಬೆಳಿಗ್ಗೆ ಒಂಬತ್ತಕ್ಕೆ ಕೆಳಗಿನ ಶೆಡ್ಡಿನಲ್ಲಿ ಶುರುವಾಗುವ ಈ ಸದ್ದು ಬೀದಿಯವರಿಗೆಲ್ಲ ತಲೆನೋವು. ಶೆಡ್ಡಿನ ಮೇಲಿನ ಮನೆಯಲ್ಲಿರುವ ಇಬ್ಬರು ಹೆಂಗಸರಿಗೆ ಮಾತ್ರ ಅದೇ ನೆಮ್ಮದಿ. ಸುತ್ತಿಗೆ ಕಾರಿನ ತಗಡಿನ ಮೇಲೆ ಬೀಳುತ್ತಿರುವಷ್ಟು ಹೊತ್ತು ಬೇರೆಲ್ಲೂ ಬೀಳುವುದಿಲ್ಲ.

ಸುತ್ತಿಗೆ ಹಿಡಿದವನು ಅಣ್ಣ. ಎಲ್ಲೋ ಗುದ್ದಿ ನೆಗ್ಗಿದ ಬಾಗಿಲನ್ನು, ಬಾನೆಟ್ಟನ್ನು ಬಡಿದು ಮೊದಲಿನ ಹಾಗೆ ಮಾಡುವುದರಲ್ಲಿ ಅವನ ಕೈಗೆ ಎದುರಿಲ್ಲ. ತಗಡಿನ ಹಿಂಬದಿಗೆ ಎಡಗೈಯಲ್ಲಿ ಕಬ್ಬಿಣದ ಗಟ್ಟಿಯೊಂದನ್ನು ಒತ್ತಿ ಹಿಡಿದು, ಮುಂಬದಿಯಿಂದ ಬಲಗೈಯಲ್ಲಿ ಹೊಡೆಯಬೇಕು. ನಡುವೆ ಸಿಕ್ಕಿಬಿದ್ದ ತಗಡು ಬೇರೆ ದಾರಿಯಿಲ್ಲದೆ ನೆಟ್ಟಗಾಗುತ್ತದೆ. "ಹೊಡೀಬೇಕು, ಆದ್ರೆ ಗುರುತು ಕಾಣಬಾರದು. ಅದೇ ಸ್ವಾಮಿ ಈ ಕೆಲಸ," ಎಂದು ಅವನು ಗಿರಾಕಿಗಳಿಗೆ ಹೇಳುವುದಿತ್ತು. ಕೆಲಸ ನಿಲ್ಲಿಸುವಾಗ ಅವನದೊಂದು ಅಭ್ಯಾಸ. ತಗಡನ್ನು ಬಿಟ್ಟು ಬರೀ ಗಟ್ಟಿಯ ಮೇಲೆ ಎರಡು ಖಾಲಿ ಏಟು ಹಾಕುತ್ತಾನೆ. ಟಿಕ್, ಟಿಕ್. ಆಮೇಲೆ ಸದ್ದಿಲ್ಲ. ಆಮೇಲೆ ಹದಿನಾಲ್ಕು ಮೆಟ್ಟಿಲು.

ಅವನ ತಂಗಿಯನ್ನು ಎಲ್ಲರೂ ಕರೆಯುವುದು ಕಿವಿ ಎಂದು. ಹನ್ನೊಂದನೇ ವಯಸ್ಸಿನಲ್ಲಿ ಟೀ ಲೋಟ ಕೈಜಾರಿ ಬಿದ್ದಾಗ ಅಣ್ಣ ಕೊಟ್ಟ ಒಂದೇ ಏಟಿಗೆ ಅವಳ ಎಡಗಿವಿಯ ತಮಟೆ ಹರಿಯಿತು. ಮೂರು ದಿನ ದಿಂಬಿನ ಮೇಲೆ ರಕ್ತ ಮತ್ತು ಕೀವು. ನಾಲ್ಕನೇ ದಿನ ಎಡಗಡೆಯಿಂದ ಕರೆದರೆ ಅವಳು ತಿರುಗಲಿಲ್ಲ. "ಏ ಕಿವಿ, ನಿನ್ನನ್ನೇ!" ಎಂದ ಅವನು. ಶೆಡ್ಡಿನವರು ನಕ್ಕರು. ಹೆಸರು ನಿಂತುಬಿಟ್ಟಿತು.

ಈಗ ಅವಳಿಗೆ ಇಪ್ಪತ್ತೇಳು. ಮೇಲಿನ ಹಜಾರದಲ್ಲಿ ಕೂತು ಕಾರಿನ ಸೀಟಿಗೆ ಕವರ್ ಹೊಲಿಯುವುದು ಅವಳ ಕೆಲಸ. ಹೊಲಿಗೆ ಮೆಷೀನಿನ ಪಕ್ಕದಲ್ಲಿ ರೆಕ್ಸಿನ್ ಸುರುಳಿಗಳು, ಸುರುಳಿಗಳ ಹಿಂದೆ ಯಾರೋ ಗಿರಾಕಿ ಬೇಡವೆಂದು ಬಿಟ್ಟುಹೋದ ಲ್ಯಾಪ್‌ಟಾಪು. ಅದರಲ್ಲಿ ಅವಳು ಕಂಪ್ಯೂಟರ್ ಆಟ ಮಾಡುವುದನ್ನು ತಾನೇ ಕಲಿತಳು, ನೋಡಿ ನೋಡಿ, ತಪ್ಪಿ ತಪ್ಪಿ. ಮಾಡುತ್ತಿದ್ದುದು ಸುತ್ತಿಗೆಯ ಸದ್ದು ಇರುವಷ್ಟು ಹೊತ್ತು ಮಾತ್ರ. ಟಿಕ್ ಟಿಕ್ ಕೇಳಿದೊಡನೆ ಲ್ಯಾಪ್‌ಟಾಪು ರೆಕ್ಸಿನ್ ಹಿಂದೆ, ಅವಳ ಕಾಲು ಮೆಷೀನಿನ ಮೇಲೆ. ಅಣ್ಣ ಮೇಲೆ ಬರುವಷ್ಟರಲ್ಲಿ ಎರಡು ಅಂಗುಲ ಹೊಲಿಗೆ ಮುಗಿದಿರುತ್ತಿತ್ತು.

ಅತ್ತಿಗೆ ಈ ಮನೆಗೆ ಬಂದು ಆರು ವರ್ಷ. ಮೊದಲ ವರ್ಷ ಮುಂದಿನ ಒಂದು ಹಲ್ಲು ಹೋಯಿತು, ಮೂರನೆಯ ವರ್ಷ ಬಲ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ನರ್ಸು ಹೇಗಾಯಿತೆಂದು ಕೇಳಿದಾಗ ಮೆಟ್ಟಿಲು ಜಾರಿತು ಎಂದಳು. ವಾಪಸು ಬರುವಾಗ ಬಸ್ಸಿನಲ್ಲಿ ನಾದಿನಿಯ ಬಲಗಿವಿಗೆ ಬಗ್ಗಿ, "ಪಾಪ ಕಣೇ ಆ ಮೆಟ್ಟಿಲು. ಯಾರ ಪಾಪಕ್ಕೆಲ್ಲ ಅದೇ ಕೆಟ್ಟ ಹೆಸರು ತಗೊಳುತ್ತೆ," ಎಂದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅತ್ತಿಗೆ ನಗುತ್ತಲೇ ಬ್ಯಾಂಡೇಜಿನ ಕೈಯನ್ನು ಎದೆಗೊತ್ತಿಕೊಂಡು ಅತ್ತಳು.

ಕಿವಿಯ ಆಟ ಹುಟ್ಟಿದ್ದು ಆ ಬಸ್ಸಿನಲ್ಲಿ. ಒಂದು ಮನೆ, ಅದರೊಳಗೆ ಒಬ್ಬ ಹುಡುಗಿ. ಕೆಳಗೆ ಸುತ್ತಿಗೆ ಬಡಿಯುತ್ತಿರುವಾಗ ಅವಳು ಓಡಾಡಬಹುದು, ಕಿಟಕಿ ತೆರೆಯಬಹುದು, ಬೀಗದ ಕೈ ಹುಡುಕಬಹುದು. ಸುತ್ತಿಗೆ ನಿಂತರೆ ತನ್ನ ಜಾಗಕ್ಕೆ ಮರಳಿ ಅಲುಗಾಡದೆ ಕೂರಬೇಕು. ಹತ್ತಿ ಬರುವವನು ಇಡೀ ಆಟದಲ್ಲಿ ಒಮ್ಮೆಯೂ ಕಾಣುವುದಿಲ್ಲ. ಹೆಜ್ಜೆ ಬರುತ್ತದೆ, ಬಾಗಿಲ ಬಳಿ ನಿಲ್ಲುತ್ತದೆ, ಅಷ್ಟೇ.

ಮುಗಿಸಲು ಮೂರು ವರ್ಷ ಹಿಡಿಯಿತು. ಸದ್ದುಗಳನ್ನೆಲ್ಲ ಮನೆಯಲ್ಲೇ ಹಿಡಿದಳು. ಅಣ್ಣನ ಗುರುತು ಎಲ್ಲೂ ಉಳಿಯಬಾರದೆಂದು ಅವನ ಕೆಮ್ಮು ತೆಗೆದಳು, ಬೈಗುಳ ತೆಗೆದಳು. ಅವನು ಬಣ್ಣ ತರಲು ಪೇಟೆಗೆ ಹೋದ ದಿನ ಅತ್ತಿಗೆ ಅವನ ಹಳೆಯ ಬೂಟು ಹಾಕಿಕೊಂಡು ಹದಿನಾಲ್ಕು ಮೆಟ್ಟಿಲು ಧಡಧಡ ಹತ್ತಿದಳು. ಮೇಲೆ ಬಂದು ಬಾಗಿಲು ಹಿಡಿದು ನಿಂತವಳ ಮುಖ ಬಿಳುಚಿತ್ತು. "ನನ್ನ ಕಾಲಿಗೆ ನಾನೇ ಹೆದರಿಬಿಟ್ಟೆ ಕಣೇ."

ಸುತ್ತಿಗೆಯ ಸದ್ದು ಮಾತ್ರ ಕಿಟಕಿಯಿಂದ ಹಿಡಿದದ್ದು, ಅಣ್ಣನದೇ. ಸುತ್ತಿಗೆ ಯಾರ ಕೈಯಲ್ಲಿದ್ದರೇನು, ಕಬ್ಬಿಣದ ಸದ್ದು ಕಬ್ಬಿಣದ್ದೇ ಎಂದುಕೊಂಡಳು. ಕೊನೆಯ ಎರಡು ಖಾಲಿ ಏಟುಗಳನ್ನು ತೆಗೆಯಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಹುಟ್ಟಿದಾಗಿನಿಂದ ಅವಳು ಕೇಳಿದ್ದು ಆ ಒಂದೇ ಶೆಡ್ಡನ್ನು. ಲೋಕದ ಸುತ್ತಿಗೆಗಳೆಲ್ಲ ಹಾಗೆಯೇ ನಿಲ್ಲುತ್ತವೆ ಎಂದು ನಂಬಿದ್ದಳು.

ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿಗೆ ಅದನ್ನು ಸೇರಿಸುವುದು ಮಾಡಿದಷ್ಟೇ ದೊಡ್ಡ ಕೆಲಸವಾಯಿತು. ಶುಲ್ಕ, ಗುರುತಿನ ಚೀಟಿ, ಬ್ಯಾಂಕಿನ ವಿವರ, ಅಂಚೆಚೀಟಿಯಷ್ಟೇ ಜಾಗದಲ್ಲಿ ಕಣ್ಣಿಗೆ ಹೊಡೆಯುವಂಥ ಒಂದು ಚಿತ್ರ. ಬಿಡುಗಡೆಗೆ ಮುಂಚೆಯೇ "ಬರಲಿದೆ" ಎಂಬ ಪುಟ ತೆರೆದಿಟ್ಟು, ಬೇಕೆನ್ನುವವರು ಗುರುತು ಹಾಕಿಕೊಳ್ಳಲಿ ಎಂದು ಕಾಯಬೇಕು. ಅಂಗಡಿಯ ಪರೀಕ್ಷಕರು ಮೊದಲ ಸಲ ಆಟವನ್ನು ವಾಪಸು ಕಳಿಸಿದರು. ಮೂರನೇ ನಿಮಿಷಕ್ಕೆ ಸದ್ದು ನಿಂತುಹೋಗುತ್ತದೆ, ಮುಂದೆ ಏನೂ ಆಗುವುದಿಲ್ಲ, ಕೆಟ್ಟಿದೆ, ಸರಿಪಡಿಸಿ ಎಂದಿದ್ದರು. ಕಿವಿ ಉತ್ತರ ಬರೆದಳು: "ಕೆಟ್ಟಿಲ್ಲ. ಅವನು ಬಾಗಿಲ ಬಳಿ ನಿಂತಿದ್ದಾನೆ. ಹೋಗುವ ತನಕ ಅಲುಗಾಡಬೇಡಿ." ಎರಡು ದಿನದಲ್ಲಿ ಒಪ್ಪಿಗೆ ಬಂತು.

ಅವಳ ಆಟ ಅಂಗಡಿಗೆ ಬಂದ ದಿನ ಇನ್ನೂ ಅರವತ್ತು ಆಟ ಬಂದಿದ್ದವು. ಸಂತೆಯಲ್ಲಿ ಪಿಸುಮಾತಾಡಿದ ಹಾಗಾಯಿತು. ಮೊದಲ ವಾರ ಕೊಂಡವರು ಹನ್ನೊಂದು ಜನ. ಆಮೇಲೆ ಯಾರೋ ಒಬ್ಬ ಆಡುತ್ತಾ ಕಿರುಚಿದ ವಿಡಿಯೋ ಎಲ್ಲೆಲ್ಲೋ ಓಡಾಡಿ, ತಿಂಗಳಲ್ಲಿ ಆರು ಸಾವಿರವಾಯಿತು. ಅರ್ಧ ಜನ ಹೆಬ್ಬೆರಳು ಮೇಲೆ ಮಾಡಿದರು, ಅರ್ಧ ಜನ ಕೆಳಗೆ. ಪುಟದ ನೆತ್ತಿಯ ಮೇಲೆ ಅಂಗಡಿಯವರು ಅಂಟಿಸಿದ ಪದ, "ಮಿಶ್ರ".

ಅತ್ತಿಗೆ ಒಂದೊಂದಾಗಿ ಓದಿ ಹೇಳುತ್ತಿದ್ದಳು. "ದೆವ್ವ ಎಲ್ಲಿ? ಬರೀ ಮೆಟ್ಟಿಲು. ದುಡ್ಡು ವಾಪಸ್ ತಗೊಂಡೆ." "ಒಂದೂವರೆ ಗಂಟೇಲಿ ಮುಗಿಯಿತು, ಬಹಳ ಚೆನ್ನಾಗಿದೆ, ದುಡ್ಡು ವಾಪಸ್ ತಗೊಂಡೆ."

"ಇವನ ಮನೆ ಹಾಳಾಗ! ಚೆನ್ನಾಗಿದ್ರೆ ವಾಪಸ್ ಯಾಕಂತೆ?"

"ಎರಡು ಗಂಟೆ ಒಳಗೆ ತಿರುಗಿಸಿದ್ರೆ ಕೊಡ್ತಾರೆ ಅತ್ತಿಗೆ. ಉಂಡೂ ಹೋದ, ಕೊಂಡೂ ಹೋದ."

ಒಬ್ಬರು ಎಡಗಡೆ ಸ್ಪೀಕರಿನಲ್ಲಿ ಹೆಜ್ಜೆಯ ಸದ್ದೇ ಇಲ್ಲ, ಇಂಥ ತಪ್ಪು ಯಾರು ಮಾಡುತ್ತಾರೆ ಎಂದು ಬೈದಿದ್ದರು. ಅತ್ತಿಗೆ ಹೆಡ್‌ಫೋನ್ ಹಾಕಿಕೊಂಡು ನೋಡಿದಳು. ನಿಜ. ಮೂರು ವರ್ಷ ಕಿವಿಗೆ ಗೊತ್ತೇ ಆಗಿರಲಿಲ್ಲ. ಇನ್ನೊಬ್ಬರು ಆಡಿದ್ದು ಎರಡೇ ನಿಮಿಷ, ಹೆಬ್ಬೆರಳು ಮೇಲೆ: "ಪೂರ್ತಿ ಆಡೋಕೆ ನನ್ನಿಂದ ಆಗಲಿಲ್ಲ. ನಮ್ಮ ಮನೆಯಲ್ಲಿ ಅದು ಬೈಕಿನ ಸದ್ದು." ಅದನ್ನು ಅತ್ತಿಗೆ ಎರಡು ಸಲ ಓದಿದಳು.

ಎಲ್ಲಕ್ಕಿಂತ ಹೆಚ್ಚು ಬಂದದ್ದು ಒಂದೇ ದೂರು. ಅಡುಗೆಮನೆಯ ಮೂಲೆಯಲ್ಲಿ ಒಂದು ಸುತ್ತಿಗೆ ಕಾಣುತ್ತದೆ, ಎತ್ತಿಕೊಳ್ಳಲು ಯಾಕೆ ಬಿಡುವುದಿಲ್ಲ? ಹುಡುಗಿಯ ಕೈಗೆ ಕೊಡಿ. ತಲೆ ಒಡೆಯಲಿ. ಒಂದೇ ಏಟು, ಪ್ಲೀಸ್.

"ಕೊಟ್ಟುಬಿಡೇ. ನೂರಾರು ಜನ ಕೇಳ್ತಿದ್ದಾರೆ," ಎಂದಳು ಅತ್ತಿಗೆ.

"ಆರು ವರ್ಷದಲ್ಲಿ ನೀವು ಒಂದು ಸಲಾನಾದ್ರೂ ಎತ್ತಿದ್ದೀರಾ?"

"ಇಲ್ಲ."

"ನಾನೂ ಇಲ್ಲ. ಅವಳೆಲ್ಲಿಂದ ಎತ್ತುತ್ತಾಳೆ?"

ಒಂದು ಗುರುವಾರ ಮಧ್ಯಾಹ್ನ ಇಬ್ಬರೂ ಎಡಗಡೆಯ ಸದ್ದನ್ನು ಸರಿಪಡಿಸಲು ಕೂತಿದ್ದರು. ಹೆಡ್‌ಫೋನಿನ ಎಡ ಬಟ್ಟಲು ಅತ್ತಿಗೆಯ ಕಿವಿಯ ಮೇಲೆ, ಬಲ ಬಟ್ಟಲು ಕಿವಿಯ ಕಿವಿಯ ಮೇಲೆ. ಕೆಳಗೆ ಶೆಡ್ಡಿನಲ್ಲಿ ಅಣ್ಣ ಬಡಿಯುತ್ತಿದ್ದ; ಕಾರುಗಳಿಗೆ ಬಣ್ಣ ಹೊಡೆಯುವ ಪೇಂಟರು ಟೀ ಕುಡಿಯುತ್ತಾ ಫೋನಿನಲ್ಲಿ ಯಾರೋ ಆಟ ಆಡುವುದನ್ನು ನೋಡುತ್ತಿದ್ದ. ಒಳ್ಳೆಯ ಮನುಷ್ಯ, ಬಾಯಿಗೆ ಮಾತ್ರ ಬೀಗವಿಲ್ಲ. "ಯಜಮಾನ್ರೇ, ಬನ್ನಿ ಇಲ್ಲಿ, ಕೇಳಿ! ಆಣೆ ಮಾಡಿ ಹೇಳ್ತೀನಿ, ಇದು ನಿಮ್ಮ ಕೈಯೇ! ಆ ಟಿಕ್ ಟಿಕ್ ಕೇಳಿದ್ರಾ? ಯಾವನೋ ನಿಮ್ಮ ಏಟನ್ನೇ ಕದ್ದಿದ್ದಾನೆ ನೋಡಿ!"

ಅಣ್ಣ ಫೋನು ಕೈಗೆ ತೆಗೆದುಕೊಂಡ. ಹದಿನಾಲ್ಕು ಮೆಟ್ಟಿಲು ಕಂಡ. ತನ್ನ ಅಡುಗೆಮನೆಯ ನೀಲಿ ಡ್ರಮ್ಮು ಕಂಡ, ಹಜಾರದ ರೆಕ್ಸಿನ್ ಸುರುಳಿ ಕಂಡ. ಫೋನು ವಾಪಸು ಕೊಟ್ಟು, ಕಾಲಿನ ಬೂಟು ಬಿಚ್ಚಿ, ಸುತ್ತಿಗೆ ಹಿಡಿದು ಮೇಲೆ ಹೊರಟ. ಆ ದಿನ ಖಾಲಿ ಏಟು ಬೀಳಲಿಲ್ಲ.

ಮೊದಲ ಏಟು ಕಿವಿಯ ಕೆನ್ನೆಗೆ, ಮುಷ್ಟಿಯಿಂದ. ಅವಳು ಕುರ್ಚಿಯ ಸಮೇತ ಮೆಷೀನಿನ ಮೇಲೆ ಬಿದ್ದಳು. ಹುಬ್ಬು ಸೀಳಿ ಕಣ್ಣೊಳಗೆ ರಕ್ತ ಇಳಿಯಿತು. ಎರಡನೆಯದು ಸುತ್ತಿಗೆಯಿಂದ ಲ್ಯಾಪ್‌ಟಾಪಿಗೆ, ಮೂರನೆಯದು ಅದಕ್ಕೇ, ನಾಲ್ಕನೆಯದೂ. ಅಕ್ಷರಗಳ ಗುಂಡಿಗಳು ಹಲ್ಲಿನ ಹಾಗೆ ಹಜಾರದ ತುಂಬ ಚೆಲ್ಲಿದವು.

"ನನ್ನ ಮನೇನ ಬೀದಿಗೆ ಇಟ್ಟು ಮಾರ್ತೀಯಾ? ತೆಗೆಸು ಅದನ್ನ."

"ಎಲ್ಲಿಂದ?"

"ಅದೇ ಆ ಅಂಗಡಿಯಿಂದ. ಈಗಲೇ."

ಕಿವಿ ಬಾಯಲ್ಲಿ ತುಂಬಿದ ರಕ್ತ ಉಗುಳಿದಳು. "ತೆಗೆಸೋಕೆ ಅದೇ ಬೇಕಿತ್ತು ಅಣ್ಣ. ಈಗ ನೀನು ಪುಡಿ ಮಾಡಿದ್ದು."

ಅವನು ಒಂದು ಕ್ಷಣ ತಾನು ಒಡೆದದ್ದನ್ನು ನೋಡಿದ. ಆಮೇಲೆ ಅತ್ತಿಗೆಯ ಕೂದಲು ಹಿಡಿದು ಅಡುಗೆಮನೆಗೆ ಎಳೆದ. ಅವಳ ಬಲಗೈಯನ್ನು ಕಲ್ಲಿನ ಕಟ್ಟೆಯ ಮೇಲೆ ಒತ್ತಿ ಹಿಡಿದ, ತಗಡಿನ ಹಿಂದೆ ಗಟ್ಟಿ ಹಿಡಿಯುವ ಅದೇ ಎಡಗೈಯಿಂದ. "ನನ್ನ ಫೋನ್ ತಗೋ. ಅದರಲ್ಲಿ ತೆಗಿ. ಇಲ್ಲಾಂದ್ರೆ ಇದನ್ನ ನೆಟ್ಟಗೆ ಮಾಡ್ತೀನಿ."

"ತೆಗೀತೀನಿ. ಬಿಡು ಅವರನ್ನ." ಕಿವಿ ಫೋನು ತೆಗೆದುಕೊಂಡಳು. ಗಾಜಿನ ಮೇಲೆ ರಕ್ತ ಬಿದ್ದು ಬೆರಳು ಜಾರುತ್ತಿತ್ತು. "ತೆಗೆದ್ರೆ ಹೊಸಬರಿಗೆ ಸಿಗಲ್ಲ, ಅಷ್ಟೇ. ಕೊಂಡವರ ಹತ್ತಿರ ಇದ್ದೇ ಇರುತ್ತೆ. ಆರು ಸಾವಿರ ಮನೇಲಿ."

ಸುಳ್ಳು ಹೇಳಬಹುದಿತ್ತು. ಅವಳಿಗೆ ಅದು ಹೊಳೆಯಲಿಲ್ಲ.

ಸುತ್ತಿಗೆ ಬಿತ್ತು. ಅತ್ತಿಗೆ ಕೈ ಎಳೆದುಕೊಂಡಳು, ಕಿರುಬೆರಳ ತುದಿ ಮಾತ್ರ ಸಿಕ್ಕಿತು, ಉಗುರು ಮಾಂಸದೊಳಗೆ ಹುದುಗಿಹೋಯಿತು. ಕಿರುಚಲು ಬಾಯಿ ತೆರೆದವಳು ಕಿರುಚಲಿಲ್ಲ. ಇದ್ದಷ್ಟು ಹಲ್ಲಿನಿಂದ ಅವನ ಮುಂಗೈಯನ್ನು ಮೂಳೆ ತಾಗುವ ತನಕ ಕಚ್ಚಿದಳು. ಸುತ್ತಿಗೆ ಜಾರಿ ನೆಲಕ್ಕೆ ಬಿದ್ದು, ಉರುಳಿ, ಕಿವಿಯ ಕಾಲಿಗೆ ತಾಗಿ ನಿಂತಿತು.

ಅವಳು ಎತ್ತಿಕೊಂಡಳು. ಅಂದುಕೊಂಡದ್ದಕ್ಕಿಂತ ಹಗುರವಾಗಿತ್ತು.

"ಏ, ಕೆಳಗಿಡು ಅದನ್ನ. ಕಿವಿ. ಇಡು ಅಂದೆ."

ಅವಳು ಬೀಸಿದಳು. ಸುತ್ತಿಗೆ ಅವನ ಎಡಗಿವಿಯ ಪಕ್ಕ ಎರಡು ಬೆರಳಿನಷ್ಟು ದೂರದಲ್ಲಿ ಗೋಡೆಗೆ ಹೊಕ್ಕಿತು. ಗಾರೆ ಅವನ ಭುಜದ ಮೇಲೆ ಸುರಿಯಿತು. ಅವನು ಗೋಡೆಗೆ ಬೆನ್ನು ಕೊಟ್ಟು ಹಾಗೇ ಕುಸಿದು, ಮೊಣಕಾಲು ಮಡಿಚಿ, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಹಾಗೆ ಕೂರುವುದು ಆ ಮನೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತು ಎಂದು ಅವಳು ತಿಳಿದಿದ್ದಳು.

ಅವಳು ಮತ್ತೆ ಎತ್ತಿದಳು. ಎತ್ತಿದ ಕೈ ಮೇಲೆಯೇ ನಿಂತಿತು. ಅತ್ತಿಗೆಯೂ ಬೇಡವೆನ್ನಲಿಲ್ಲ. ಕಿವಿಯೇ ಕೈ ಇಳಿಸಿ, "ಚಪ್ಪಲಿ ಹಾಕ್ಕೊಳ್ಳಿ ಅತ್ತಿಗೆ," ಎಂದಳು.

ಹದಿನಾಲ್ಕು ಮೆಟ್ಟಿಲು ಇಳಿದರು. ಶೆಡ್ಡಿನ ನಡುವೆ ಅಣ್ಣ ಮೂರು ದಿನದಿಂದ ಬಡಿದು ಕನ್ನಡಿಯ ಹಾಗೆ ಮಾಡಿದ್ದ ಬಾನೆಟ್ಟು ಸ್ಟ್ಯಾಂಡಿನ ಮೇಲಿತ್ತು. ಪೇಂಟರು ಟೀ ಲೋಟ ಹಿಡಿದು ಎದ್ದು ನಿಂತ. ಕಿವಿ ಬಾನೆಟ್ಟಿಗೆ ಹೊಡೆದಳು. ಮತ್ತೆ ಹೊಡೆದಳು. ಹದಿನಾರು ವರ್ಷದ ಏಟುಗಳು ಒಂದೊಂದಾಗಿ ತಗಡಿಗೆ ಇಳಿದವು, ತಗಡು ನೆಗ್ಗಿತು, ಮಡಿಚಿತು, ಬಾಯಿಬಿಟ್ಟಿತು. ಬೀದಿಯಲ್ಲಿ ಯಾರೂ ತಿರುಗಿ ನೋಡಲಿಲ್ಲ. ಅದು ದಿನದ ಸದ್ದೇ.

ತೋಳು ಸೋತಾಗ ನಿಲ್ಲಿಸಿದಳು. ಮೇಜಿನ ಮೇಲಿದ್ದ ಕಬ್ಬಿಣದ ಗಟ್ಟಿಯನ್ನು ಹತ್ತಿರಕ್ಕೆಳೆದು ಅದರ ಮೇಲೆ ಮೆಲ್ಲಗೆ ಎರಡು ಖಾಲಿ ಏಟು ಹಾಕಿದಳು. ಟಿಕ್, ಟಿಕ್.

ಸದ್ದಿಲ್ಲ. ಆಮೇಲೆ ಮೇಲಿನ ಮನೆಯ ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿತ್ತು.

ಕಿವಿ ಸುತ್ತಿಗೆಯನ್ನು ಪೇಂಟರನ ಕೈಗಿತ್ತಳು. ಅತ್ತಿಗೆಯ ಬೆರಳಿಗೆ ಬಣ್ಣ ಒರೆಸುವ ಬಟ್ಟೆಯನ್ನೇ ಬಿಗಿದು ಕಟ್ಟಿದಳು.

"ಕಿವಿಯಮ್ಮ," ಎಂದ ಪೇಂಟರು, "ಹಾಗಾದ್ರೆ ಆ ಆಟ... ನೀವಾ?"

"ನಾವಿಬ್ಬರು."

"ನನಗೆ ಗೊತ್ತಿರಲಿಲ್ಲ ತಾಯಿ. ಗೊತ್ತಿದ್ರೆ ಸತ್ರೂ ಬಾಯಿ ಬಿಡ್ತಿರಲಿಲ್ಲ. ಈಗ ಅದನ್ನ ತೆಗೆಸಿಬಿಡ್ತೀರಾ?"

"ತೆಗೆಸಲ್ಲ." ಅವಳು ಅತ್ತಿಗೆಯ ಇನ್ನೊಂದು ಕೈ ಹಿಡಿದು ಶೆಡ್ಡಿನ ಹೊಸಿಲು ದಾಟಿದಳು. ಮಾತು ಭುಜದ ಮೇಲಿನಿಂದ ಹಿಂದಕ್ಕೆ ಬರುತ್ತಿತ್ತು. "ಆ ಎರಡು ಏಟೂ ಹಾಗೇ ಇರಲಿ. ಎಡಗಡೆಯ ಸದ್ದು ಒಂದು ಸರಿ ಮಾಡ್ಬೇಕು. ಮೊದಲು ಇವರ ಬೆರಳು ತೋರಿಸ್ತೀವಿ. ಈ ಸಲ ನರ್ಸು ಹೇಗಾಯ್ತು ಅಂತ ಕೇಳಿದ್ರೆ ಮೆಟ್ಟಿಲಿನ ಹೆಸರು ಹೇಳಲ್ಲ, ನೇರವಾಗಿ ಅಣ್ಣನ ಹೆಸರೇ ಹೇಳ್ತೀವಿ."