ಬಿಲ್ಲಿನ ಸಾಫ್ಟ್‌ವೇರನ್ನು ಹಿಂದಕ್ಕೆ ಓಡಿಸಿ ನೋಡಿದ ಅಕ್ಕ

ಅವರ ಬಲಗೈ ಕಿರುಬೆರಳಿನ ಅಂಚು ಸದಾ ನೀಲಿ. ಮೂರು ಪ್ರತಿಯ ಬಿಲ್ ಪುಸ್ತಕದಲ್ಲಿ ಕಾರ್ಬನ್ ಹಾಳೆ ಇಟ್ಟು ಒತ್ತಿ ಬರೆದೂ ಬರೆದೂ ಆ ಬಣ್ಣ ಚರ್ಮಕ್ಕೇ ಇಳಿದಂತಿತ್ತು. ಸೋಪಿಗೂ ಹೋಗದು, ಸೀಗೆಪುಡಿಗೂ ಹೋಗದು. ನಾನು ಅವರನ್ನು ಮೊದಲು ಕಂಡದ್ದು ರಾಮನಗರದ ಒಂದು ಮರದ ಡಿಪೋದಲ್ಲಿ. ಬೈರಾಪಟ್ಟಣದಿಂದ ಬಂದು ಅಲ್ಲಿ ತೊಲೆ ಹೊರುವ ಕೆಲಸಕ್ಕೆ ಸೇರಿದ್ದೆ. ಅವರು ಕೌಂಟರಿನಲ್ಲಿ ಬಿಲ್ ಬರೆಯುತ್ತಿದ್ದರು. ಮಾಲೀಕರಿಂದ ಹಿಡಿದು ಲಾರಿ ಡ್ರೈವರುಗಳವರೆಗೆ ಎಲ್ಲರಿಗೂ ಅಕ್ಕ; ನನಗೂ ಅಕ್ಕ.

ಪೆನ್ನನ್ನು ತುರುಬಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಡ್ರಾಯರಿನಲ್ಲಿ ಹುರಿದ ಕಡಲೆಕಾಯಿ ಇರುತ್ತಿತ್ತು. ಬಿಲ್ ಬರೆಯುವಾಗ ಮಾತ್ರ ಮುಟ್ಟುತ್ತಿರಲಿಲ್ಲ. ಒಮ್ಮೆ ಒಬ್ಬ ಡ್ರೈವರು ಹಾರನ್ ಒತ್ತಿ ಒತ್ತಿ ಸಾಕಾಗಿ ಒಳಗೇ ಬಂದ.

"ಅಕ್ಕೋ, ಬಿರ್‍ರನೆ ಬರ್ಕೊಡಿ, ಲೋಡು ನಿಂತೈತೆ."

"ನಿಂತ್ಕಳ್ಲಿ ಬುಡಪ್ಪ. ಮರ ತಪ್ಪು ಕುಯ್ದ್ರೆ ಸೌದೆಗಾದ್ರೂ ಆಯ್ತದೆ. ಬಿಲ್ಲು ತಪ್ಪಾದ್ರೆ ಏನ್ಕಾಯ್ತದೆ?"

ಡ್ರೈವರು ತಲೆ ಕೆರೆದುಕೊಂಡು ಅಲ್ಲೇ ಕೂತ. ಅಕ್ಕ ಅವನ ಮುಂದೆ ಕಡಲೆಕಾಯಿ ಇಟ್ಟರು.

ನಾನು ಡಿಪೋ ಬಿಟ್ಟು ನನ್ನದೇ ಶೆಡ್ ಹಾಕಿದೆ, ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಪಕ್ಕ. ಕಾರ್ಖಾನೆಗಳಲ್ಲಿ ಮಾಲಿನ ಕೆಳಗೆ ಇಡುವ ಮರದ ಹಲಗೆ ಮಣೆ ಇರುತ್ತದಲ್ಲ, ಪ್ಯಾಲೆಟ್ಟು, ಅದನ್ನು ಮಾಡುವುದು ನಮ್ಮ ಕಸುಬು. ಹೊಸದನ್ನು ಮಾರುತ್ತೇವೆ, ಮುರಿದದ್ದನ್ನು ತಂದು ರಿಪೇರಿ ಮಾಡಿ ವಾಪಸ್ ಕೊಡುತ್ತೇವೆ. ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರು ನಾಲ್ಕು ತಾಲ್ಲೂಕಿನಲ್ಲಿ ಇಲ್ಲ ಎಂಬ ಹಮ್ಮು ನನಗಿತ್ತು. ಮೊಳೆಯಿಂದ ಗರಗಸದ ಮೆಷಿನ್ನಿನವರೆಗೆ ಯಾವುದನ್ನೂ ಹೇಳಿದ ಬೆಲೆಗೆ ಕೊಂಡವನಲ್ಲ.

ಆದರೆ ಬಿಲ್ಲಿನಲ್ಲಿ ಎಡವಿದೆ. ನಮ್ಮ ದೊಡ್ಡ ಗಿರಾಕಿ ಒಂದು ಕಾರ್ಖಾನೆ. ನನ್ನ ಹನ್ನೆರಡು ಜನ ಕೆಲಸಗಾರರ ಅನ್ನ ಅಲ್ಲಿಂದಲೇ. ಒಂದೇ ಲಾರಿಯಲ್ಲಿ ಹೊಸ ಪ್ಯಾಲೆಟ್ಟೂ ರಿಪೇರಿಯಾದವೂ ಹೋಗುತ್ತಿದ್ದವು. ನಾನು ಎಲ್ಲವನ್ನೂ ಒಟ್ಟಿಗೆ ಎಣಿಸಿ ಒಂದೇ ಬಿಲ್ಲಿನಲ್ಲಿ ಮಾರಾಟ ಅಂತ ಬರೆದುಬಿಟ್ಟೆ. ಒಂದು ಸಲವಲ್ಲ, ಎರಡು ಸಲ. ಅಲ್ಲಿನ ಸ್ಟೋರ್ಸ್ ಸಾಹೇಬರು ಬಿಲ್ಲನ್ನು ಮೇಜಿನ ಮೇಲೆ ತಳ್ಳಿದರು.

"ಏನ್ರೀ, ನಮ್ ಮಾಲ್ನ ನಮ್ಗೇ ಮಾರ್ತಾ ಇದ್ದೀರಲ್ಲ! ಈ ತಿಂಗ್ಳ ಕೊನೇಗೆ ವರ್ಷದ ಆರ್ಡರ್ ತೀರ್ಮಾನ ಆಗುತ್ತೆ. ಮೂರ್ನೇ ಸಲ ಹಿಂಗಾದ್ರೆ ಗೇಟೊಳಕ್ಕೆ ಬರ್ಬೇಡಿ."

ಕೈಬರಹ ಸಾಕು, ಸಾಫ್ಟ್‌ವೇರ್ ಕೊಳ್ಳೋಣ ಎಂದು ಹೊರಟೆ. ಬಂದ ಸೇಲ್ಸಿನವರಲ್ಲಿ ಟೈ ಕಟ್ಟಿದ್ದ ಒಬ್ಬನನ್ನು ಹಿಡಿದು, ಹೇಳಿದ ಬೆಲೆಯ ಅರ್ಧಕ್ಕೂ ಕೆಳಗೆ ಇಳಿಸಿದೆ. ಗೆದ್ದೆ ಅನ್ನಿಸಿತು. ಗೆದ್ದದ್ದನ್ನು ಯಾರಿಗಾದರೂ ಹೇಳಬೇಕಲ್ಲ? ದುಡ್ಡು ಕಟ್ಟುವ ಮೊದಲು ರಾಮನಗರಕ್ಕೆ ಹೋಗಿ ಅಕ್ಕನ ಮನೆ ಬಾಗಿಲು ತಟ್ಟಿದೆ. ಡಿಪೋಗೆ ಕಂಪ್ಯೂಟರ್ ಬಂದ ಮೇಲೆ ಅವರು ಕೆಲಸ ಬಿಟ್ಟು ಮನೆಯಲ್ಲಿದ್ದರು. ಅವರೆಕಾಳು ಹಿದುಕುತ್ತಾ ನನ್ನ ಕಥೆಯನ್ನೆಲ್ಲ ಕೇಳಿದರು.

"ಅಗ್ಗಕ್ಕೆ ಸಿಕ್ತು ಅಂತ ಗಾಡಿ ತಗಂಡೆ. ಸರಿ. ಅದು ಹಿಂದಕ್ಕೆ ಓಯ್ತದೇನ್ಲಾ, ನೋಡ್ದಾ?"

"ಸಾಫ್ಟ್‌ವೇರ್ ಹಿಂದಕ್ಕೆ ಹೆಂಗಕ್ಕಾ ಓಯ್ತದೆ?"

"ಮಾಲು ಮುಂದಕ್ಕೆ ಓದಾಗ ಯಾವನ್ ಬೇಕಾದ್ರೂ ಬಿಲ್ ಮಾಡ್ತಾನೆ. ವಾಪಸ್ ಬಂತಲ್ಲ, ಆಗ ಏನ್ ಮಾಡ್ತದೆ ಅಂತ ನೋಡ್ಬೇಕು. ಅವ್ನನ್ನ ಕರ್ಸು. ಇನ್ನೊಬ್ರನ್ನೂ ಕರ್ಸು. ನಾನೇ ಬತ್ತೀನಿ."

ಮಾರನೆಯ ದಿನ ಕನಕಪುರದಲ್ಲಿ ಬಸ್ ಬದಲಿಸಿ ಬಂದೇಬಿಟ್ಟರು. ಕೈಯಲ್ಲಿ ಒಂದು ಹಾಳೆ. ನಾನು ಹೇಳಿದ್ದ ಒಂದು ದಿನದ ವ್ಯವಹಾರವನ್ನು ಅದರಲ್ಲಿ ಬರೆದುಕೊಂಡಿದ್ದರು: ರಿಪೇರಿಗೆ ಬಂದದ್ದು ನಲವತ್ತು, ಸರಿಯಾದದ್ದು ಮೂವತ್ತೇಳು, ರಿಪೇರಿಗೂ ಬಾರದೆ ಹೋದದ್ದು ಮೂರು, ಹೊಸದು ಇಪ್ಪತ್ತು, ಆ ಇಪ್ಪತ್ತರಲ್ಲಿ ಸೀಳಿದೆ ಎಂದು ವಾಪಸ್ ಬಂದದ್ದು ಎರಡು.

ಟೈ ಕಟ್ಟಿದ್ದವನು ಲ್ಯಾಪ್‌ಟಾಪ್ ತೆರೆದು ಬಣ್ಣಬಣ್ಣದ ಚಿತ್ರ ತೋರಿಸತೊಡಗಿದ. "ಮೇಡಂ, ನಮ್ದ್ರಲ್ಲಿ ರಿಪೋರ್ಟುಗಳೇ ಐವತ್ತು ತರ ಬರ್ತವೆ."

"ರಿಪೋರ್ಟು ಆಮೇಲೆ ನೋಡಾನ. ನೀನ್ ತಂದಿರೋ ಬಿಲ್ ಬ್ಯಾಡ, ನಮ್ ಬಿಲ್ ಮಾಡು," ಎಂದು ಹಾಳೆ ಕೊಟ್ಟರು.

ಅವನು ಮಾಡಿದ. ನಲವತ್ತೂ ಇಪ್ಪತ್ತೂ ಸೇರಿಕೊಂಡು ಮತ್ತೆ ಅದೇ ಮಾರಾಟ! ಮೂರನೇ ತಪ್ಪನ್ನು ದುಡ್ಡು ಕೊಟ್ಟು ಕೊಳ್ಳಲು ಹೊರಟಿದ್ದೆನಲ್ಲ.

"ವಾಪಸ್ ಬಂದ ಎರಡನ್ನ ಎಲ್ಲಿ ಬರ್‍ಯಾದು?" ಎಂದರು ಅಕ್ಕ.

"ಮೈನಸ್ ಹಾಕಿ ಮೇಡಂ. ಮೈನಸ್ ಎರಡು."

"ಮೈನಸ್ ಪ್ಯಾಲೆಟ್ಟಾ? ಇಷ್ಟ್ ವರ್ಸ ಮರದ್ ಮಧ್ಯನೇ ಬದುಕಿವ್ನಿ, ನಾನ್ ನೋಡೇ ಇಲ್ವಲ್ಲಪ್ಪ. ಒಂದ್ ತಂದ್ಕೊಡು, ತಲೆ ಮ್ಯಾಲೆ ಹೊತ್ ನೋಡ್ತೀನಿ."

ಶೆಡ್ಡಿನ ಹನ್ನೆರಡು ಜನವೂ ಮೆಷಿನ್ ನಿಲ್ಲಿಸಿ ನಕ್ಕರು. ಅವನು ಚಾರ್ಜರ್ ಸುತ್ತಿಕೊಂಡ.

ಎರಡನೆಯವಳು ಕನಕಪುರದ ಹುಡುಗಿ. ಅವಳ ಸಾಫ್ಟ್‌ವೇರ್ ನೋಡಲು ಸಾದಾ. ಅಕ್ಕ ಅದೇ ಹಾಳೆ ಕೊಟ್ಟರು. ಅವಳು ಹೊಸ ಇಪ್ಪತ್ತಕ್ಕೆ ಬಿಲ್ ಮಾಡಿದಳು. ರಿಪೇರಿಯಾದ ಮೂವತ್ತೇಳಕ್ಕೆ ಬಿಲ್ ಇಲ್ಲ, ಮಾಲು ವಾಪಸ್ ಹೋಯಿತು ಎನ್ನುವ ಚಲನ್ ಮಾತ್ರ. ಮಾಡಿದ ಕೆಲಸದ ಕೂಲಿಗೆ ಬೇರೆ ಬಿಲ್. ಸೀಳಿದ ಎರಡರ ದುಡ್ಡನ್ನು ಗಿರಾಕಿಯ ಲೆಕ್ಕದಿಂದ ಕಳೆಯಲು ಕ್ರೆಡಿಟ್ ನೋಟ್. ಕೊನೆಯ ಮೂರಕ್ಕೆ ಬಂದು ಕೈ ನಿಲ್ಲಿಸಿದಳು.

"ಆಂಟಿ, ಕೆಟ್ಟೋಗಿರೋ ಮೂರಕ್ಕೆ ಇದ್ರಲ್ಲಿ ಬೇರೆ ಜಾಗ ಇಲ್ಲ. ಚಲನ್ ಕೆಳಗೆ ಷರಾ ಅಂತ ಬರೀಬೇಕು, ಅಷ್ಟೇ."

"ನಾಳೆ ನಿಮ್ಮನ್ನ ಬುಟ್ಟು ಬ್ಯಾರೆಯವ್ರ್ ತಾವ್ ಓದ್ರೆ, ನಮ್ ಬಿಲ್ಲು, ಗಿರಾಕಿ ಹೆಸ್ರು ನಮ್ ಕೈಗೆ ಸಿಕ್ತವಾ?"

"ಸಿಗ್ತವೆ."

"ಸಿಗ್ತವೆ ಅನ್ಬ್ಯಾಡವ್ವ, ತೆಗ್ದು ತೋರ್ಸು."

ತೆಗೆದು ತೋರಿಸಿದಳು. ಅಕ್ಕ ನನ್ನನ್ನು ಹಲಗೆ ರಾಶಿಯ ಹಿಂದಕ್ಕೆ ಕರೆದೊಯ್ದರು. "ಇಲ್ಲದ್ದನ್ನ ಇಲ್ಲ ಅಂದ್ಳು ನೋಡು. ಇವ್ಳ್ ತಾವೇ ತಗಾ."

"ಜಾಸ್ತಿ ಹೇಳ್ತಾವ್ಳಕ್ಕ. ಒಸಿ ಇಳಿಸ್ತೀನಿ ತಡೀರಿ."

"ನೀನ್ ಬೆಲೆ ಜಗ್ಗಿದ್ರೆ ಅವ್ಳು ಕೆಲ್ಸದಲ್ಲಿ ಜಗ್ತಾಳೆ. ಬೆಲೆ ಬುಡು, ಕೆಲ್ಸ ಕೇಳು."

ಅಷ್ಟು ವರ್ಷ ಚೌಕಾಸಿ ಮಾಡಿದವನಿಗೆ ಅಂದು ಚೌಕಾಸಿ ಅಂದರೇನೆಂದು ತಿಳಿಯಿತು. ಬೆಲೆಯ ಮಾತೇ ಎತ್ತಲಿಲ್ಲ. ಗಿರಾಕಿಗಳ ಪಟ್ಟಿಯನ್ನು ಅವಳೇ ತುಂಬಿಕೊಡಬೇಕು, ಮೊದಲ ಹತ್ತು ಬಿಲ್ಲಿಗೆ ಶೆಡ್ಡಿಗೇ ಬಂದು ಪಕ್ಕದಲ್ಲಿ ಕೂರಬೇಕು ಎಂದು ಕೇಳಿದೆ. ಒಪ್ಪಿದಳು. ಸಣ್ಣ ವ್ಯಾಪಾರ ಮಾಡುವವರಿಗೆಲ್ಲ ನಾನು ಇದನ್ನೇ ಹೇಳುತ್ತೇನೆ: ನಿಮ್ಮ ಅತಿ ಕೆಟ್ಟ ದಿನದ ಲೆಕ್ಕವನ್ನು ಒಯ್ದು ಸಾಫ್ಟ್‌ವೇರ್ ಮಾರುವವರ ಮುಂದೆ ಇಡಿ. ಒಳ್ಳೆಯ ದಿನದ ಲೆಕ್ಕಕ್ಕೆ ಬಿಲ್ ಪುಸ್ತಕವೇ ಸಾಕು.

ತಿಂಗಳ ಕೊನೆಯ ಲೋಡು. ಸ್ಟೋರ್ಸ್ ಸಾಹೇಬರು ಬಿಲ್ಲು, ಚಲನ್ನು ಬೇರೆ ಬೇರೆ ಹಿಡಿದು, ಲಾರಿ ಹತ್ತಿ ಎಣಿಸಿದರು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

"ಯಾರ್ರೀ ಮಾಡಿದ್ದು ಇದು?"

"ನಾನೇ ಸಾರ್."

"ಸುಳ್ ಹೇಳ್ಬೇಡಿ."

ಹೇಳಿದೆ, ಅಕ್ಕನ ವಿಷಯ. ನಗುತ್ತಾ ಸೀಲು ಒತ್ತಿದರು. ವರ್ಷದ ಆರ್ಡರ್ ಕೈಗೆ ಬಂತು. ಹೋದ ವರ್ಷಕ್ಕಿಂತ ದೊಡ್ಡದು. ಶೆಡ್ಡಿನಲ್ಲಿ ಅಂದು ಎಲ್ಲರಿಗೂ ಬಾಡೂಟ ಹಾಕಿಸಿದೆ.

ಆರ್ಡರಿನ ಪ್ರತಿ ಹಿಡಿದು ರಾಮನಗರಕ್ಕೆ ಓಡಿದೆ. ಅಕ್ಕ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಆಮೇಲೆ ಹೇಳಿದರು: "ಡಿಪೋಗೆ ಕಂಪ್ಯೂಟ್ರು ತಂದಾಗ ಊರೋರ್ನೆಲ್ಲ ಕೇಳುದ್ರು ಕಣ್ಲಾ. ಬಿಲ್ ಬರ್‍ಯೋಳ್ನ ಒಂದ್ ಮಾತು ಕೇಳ್ನಿಲ್ಲ. ನೀನು ಜಂಬ ಕೊಚ್ಕಳಕ್ಕೇ ಬಂದಿರ್ಬೋದು. ಆದ್ರೂ ಬಂದೆ."

ನನ್ನ ಶೆಡ್ಡಿಗೇ ಬನ್ನಿ ಎಂದೆ. ಅವರು ಷರತ್ತು ಹಾಕಿದರು: ವಾರಕ್ಕೆ ಮೂರು ದಿನ, ಹೊಟ್ಟು ಹಾರದ ಕಡೆ ಕುರ್ಚಿ, ಅವರು ನೋಡದೆ ಒಂದು ಲಾರಿಯೂ ಹೊರಡಬಾರದು. ಎಲ್ಲಕ್ಕೂ ತಲೆಯಾಡಿಸಿದೆ.

ಈಗ ಮಾಗಡಿ, ಚನ್ನಪಟ್ಟಣದ ಅಂಗಡಿಯವರೂ ಸಾಫ್ಟ್‌ವೇರ್ ಕೊಳ್ಳುವ ಮೊದಲು ಅಕ್ಕನನ್ನು ಕರೆಸುತ್ತಾರೆ. ಅವರು ಶುಲ್ಕ ತೆಗೆದುಕೊಂಡೇ ಹೋಗುತ್ತಾರೆ. ಸೇಲ್ಸಿನವರು ಮೊದಲೇ ನನಗೆ ಫೋನ್ ಮಾಡಿ, "ಅಣ್ಣ, ಅಕ್ಕ ಬರ್ತಾರಾ?" ಎಂದು ವಿಚಾರಿಸಿಕೊಳ್ಳುವುದುಂಟು.

ಮೊನ್ನೆ ಸ್ಟೋರ್ಸ್ ಸಾಹೇಬರ ಫೋನು ಬಂತು. ಎರಡು ಹೊಸ ಕಾರ್ಖಾನೆಗಳಿಗೆ ನಮ್ಮ ಹೆಸರು ಹೇಳಿದ್ದಾರಂತೆ. ನಾನು ಉಬ್ಬಿ ನಮಸ್ಕಾರ ಸಾರ್ ಎಂದು ಶುರು ಮಾಡುವಷ್ಟರಲ್ಲೇ, "ನಿಮ್ ಹತ್ರ ಏನಿಲ್ಲ ಮಾತು, ಅಕ್ಕಂಗೆ ಕೊಡ್ರೀ ಫೋನು," ಎಂದರು.

ಶೆಡ್ಡಿನ ಬೋರ್ಡಿನ ಮೇಲೆ ಮಾಲೀಕ ಎಂದು ಇರುವುದು ನನ್ನ ಹೆಸರೇ. ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅಕ್ಕನಿಗೆ ಕೊಟ್ಟೆ.