ಮೆನುದಾಗೂ ಹಿರೇತನ

ಅಂಗಡಿಯವ್ರಿಗೆ ನಾವು ಮಾಡಿಕೊಡೋ ಬಿಲ್ಲಿಂಗ್ ಸಾಫ್ಟ್‌ವೇರ್ ಹೆಂಗ ಬಳಸಬೇಕು ಅಂತ ತಿಳಿಸೋ ವೆಬ್‌ಸೈಟಿಗೆ ನಾ ಮೆನು ಜೋಡಸಾಕತ್ತಿದ್ದೆ. ಮೊದಲ ಸಾಮಾನಿನ ಹೆಸರು ತುಂಬೂದು, ಆಮ್ಯಾಲೆ ಬಿಲ್ ಹಾಕೂದು, ಕಟ್ಟಕಡೀಕ, ಬ್ಯಾಡಾದ್ರ ಸಾಫ್ಟ್‌ವೇರ್ ಅಳಿಸಿಹಾಕೂದು. ಆ ಕಡೀ ಪುಟ ಬರದವರು ನಮ್ಮ ಮ್ಯಾನೇಜರ್ ಸಾಹೇಬ್ರು.

"ನನ್ನ ಪುಟ ಎಲ್ಲಾರ ಕೆಳಗ ಹಾಕೀಯಲ್ಲ, ಲಗ್ನಪತ್ರಿಕಿದಾಗ ಹಿರಿಯಾರ ಹೆಸರು ಎಲ್ಲಿರತೈತಿ?" ಅಂದ್ರು.

"ಸರ, ಇದು ಲಗ್ನಪತ್ರಿಕಿ ಅಲ್ರಿ. ಮಂದಿ ಮ್ಯಾಲಿಂದ ಓದಕೋತ ಬರ್ತಾರ್ರಿ."

"ಅದಕ್ಕ ಹೇಳಾಕತ್ತೇನಿ, ಮ್ಯಾಲ ಹಾಕು."

ಹಲ್ಲು ಕಡಕೋತ ಹಾಕಿದೆ. ಮರುದಿನನ ಬಬಲೇಶ್ವರದಿಂದ ಗೊಬ್ಬರದಂಗಡಿಯವ್ರ ಫೋನ್ ಬಂತು.

"ಸರ, ನಿಮ್ಮ ಮೊದಲನೇ ಪುಟದಾಗ ಬರದಂಗ ಮಾಡೇನ್ರಿ. ಈಗ ಸಾಫ್ಟ್‌ವೇರನ ಕಾಣವಲ್ದು. ಇವತ್ತ ಸಂತಿ, ಅಂಗಡಿ ಮುಂದ ಮಂದಿ ನಿಂತೈತ್ರಿ."

ನನಗ ಮೈಯೆಲ್ಲಾ ಉರೀತು. ಫೋನ್ ಸೀದಾ ಸಾಹೇಬ್ರ ಕೈಯಾಗ ಕೊಟ್ಟೆ. ಅವ್ರು ಪೂರ್ತಿ ಕೇಳಿ, ಫೋನಿಗೆ ಕೈ ಅಡ್ಡ ಹಿಡದು, ನನಗ ಹೇಳಿದ್ರು: "ನೋಡು, ನಾ ಎಷ್ಟ ಸರಳ ಬರದೇನಿ. ಓದಿದ ಕೂಡ್ಲೇ ಕೆಲಸ ಆಗೇತಿ."

ಸಾಫ್ಟ್‌ವೇರ್ ಮತ್ತ ಹಾಕಿಕೊಡಾಕ ಉರಿಬಿಸಲಾಗ ಬಬಲೇಶ್ವರದ ಬಸ್ ಹತ್ತಿದಾಂವ ನಾನು. ಅದಕ್ಕ ಮಾತ್ರ ಎಲ್ಲಾರಕಿಂತ ಕಿರಿಯಾನ ಹೆಸರು ಮೊದಲ ಬಂತು.